ಕ್ಲಚ್ಚು ಕಾಕಾನದು, ಗೇರು ನನ್ನದು

ನಮ್ಮ ಮನೆಗೆ ಹೊಸ ಕಾರು ಬಂದು ಮೂರು ವಾರವಾಯಿತು. ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಸೀಟಿನ ಮೇಲಿನ ಪ್ಲಾಸ್ಟಿಕ್ ಕವರು ಕೂಡ ತೆಗೆಯದೆ ನಿಂತಿದೆ. ಕವರು ತೆಗೆಯಬಾರದೆಂಬುದು ನನ್ನ ತೀರ್ಮಾನ. ಕಾರನ್ನು ಬೈಯುವುದು ನಮ್ಮವರ ಕೆಲಸ. ಇದು ಅರ್ಧ ಆಟೊಮ್ಯಾಟಿಕ್ ಕಾರು. ತುಳಿಯಲು ಕ್ಲಚ್ ಇಲ್ಲ, ಗೇರು ಇದೆ. ಬೇಕೆಂದರೆ ರಾಡನ್ನು ಹಿಂದೆ ಮುಂದೆ ನೂಕಿ ನೀವೇ ಗೇರು ಬದಲಾಯಿಸಬಹುದು, ಬೇಡವೆಂದರೆ ಅದೇ ಬದಲಾಯಿಸಿಕೊಳ್ಳುತ್ತದೆ. ಆದರೆ ಬದಲಾಯಿಸುವ ಮುಂಚೆ ಅದಕ್ಕೆ ಸ್ವಲ್ಪ ಯೋಚನೆ ಮಾಡುವ ಅಭ್ಯಾಸ. ಅದು ಯೋಚಿಸಿ ಮುಗಿಸುವಷ್ಟರಲ್ಲಿ ಒಳಗೆ ಕೂತವರ ತಲೆಗಳೆಲ್ಲ ಒಮ್ಮೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತವೆ.

“ಇದೇನ್ ಗಾಡಿನೋ, ಹೌದಪ್ಪನ ಚಾವಡಿನೋ! ಗೇರ್ ಬಿದ್ದಾಗೊಮ್ಮೆ ಎಲ್ಲಾರೂ ತಲಿ ಹಾಕ್ಕೋತ ಕೂಡಬೇಕು,” ಎನ್ನುತ್ತಾರೆ ನಮ್ಮವರು. ಇಪ್ಪತ್ತು ವರ್ಷ ಕ್ಲಚ್ ತುಳಿದ ಅವರ ಎಡಗಾಲು ಈಗ ಕೆಲಸವಿಲ್ಲದೆ ಚಡಪಡಿಸುತ್ತದೆ. ಮೊದಲ ದಿನ ಕ್ಲಚ್ಚೆಂದು ಬಗೆದು ಎಡಗಾಲಲ್ಲಿ ಬ್ರೇಕನ್ನೇ ಒತ್ತಿ, ಶೋರೂಮಿನ ಗೇಟಿನಲ್ಲೇ ಎಲ್ಲರಿಗೂ ದೊಡ್ಡ ನಮಸ್ಕಾರ ಮಾಡಿಸಿದರು. ಅದನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ನಮ್ಮ ಲಿಫ್ಟಿನಲ್ಲಿ ಈ ವಿಷಯದ ಮೇಲೆ ಎರಡು ಪಕ್ಷಗಳಿವೆ. ಐದನೇ ಮಹಡಿಯ ರೆಡ್ಡಿಯವರದು ಮ್ಯಾನ್ಯುಯಲ್ ಪಕ್ಷ: ಗಾಡಿ ನಮ್ಮ ಕೈಯಲ್ಲಿರಬೇಕು, ಏರಿನಲ್ಲಿ ಯಾವ ಗೇರು ಬೇಕೆಂದು ಯಂತ್ರಕ್ಕೇನು ಗೊತ್ತು? ಮೂರನೇ ಮಹಡಿಯ ಬ್ಯಾಂಕಿನವರದು ಮಂಡಿನೋವಿನ ಪಕ್ಷ: ಮಾದಾಪುರದ ಟ್ರಾಫಿಕ್ಕಿನಲ್ಲಿ ದಿನಾ ಕ್ಲಚ್ ತುಳಿದು ನೋಡಿ, ಆಮೇಲೆ ಮಾತಾಡಿ. ನಾನು ಯಾವ ಪಕ್ಷಕ್ಕೂ ಸೇರಿಲ್ಲ. ಲಿಫ್ಟು ನಮ್ಮ ಮಹಡಿಗೆ ಬಂದರೆ ಸಾಕೆಂದು ಗುಂಡಿಗಳನ್ನು ನೋಡುತ್ತ ನಿಲ್ಲುತ್ತೇನೆ. ಆದರೆ ಆ ಕಾರು ಯೋಚನೆಗೆ ಬಿದ್ದಾಗಲೆಲ್ಲ ನನಗೆ ಅದರ ಮೇಲೆ ಸಿಟ್ಟು ಬರುವುದಿಲ್ಲ, ಕನಿಕರ ಬರುತ್ತದೆ. ಅದಕ್ಕೆ ಕಾರಣವಿದೆ.

ಶೋರೂಮಿನ ಹುಡುಗ ನಮಗೆ ಇದನ್ನು ವಿವರಿಸಿದ್ದು ಹೀಗೆ: “ಮೇಡಂ, ಒಳಗಿರೋದು ಹಳೇ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಅದೇ ಗೇರು, ಅದೇ ಕ್ಲಚ್ಚು. ನಿಮ್ಮ ಬದಲು ಬೇರೆ ಯಾರೋ ಒಳಗೆ ಕೂತು ಹಾಕ್ತಿದಾರೆ ಅಂದುಕೊಳ್ಳಿ.” ನಾನು ಜೋರಾಗಿ ನಕ್ಕುಬಿಟ್ಟೆ. ಹುಡುಗ ತನ್ನ ಹಿಂದಿಯಲ್ಲೇನೋ ತಪ್ಪಾಯಿತೆಂದು ಕೆಂಪಾದ. ತಪ್ಪೇನಿರಲಿಲ್ಲ. ಹಾಗೆ ಒಳಗೆ ಕೂತು ಬೇರೆಯವರ ಗೇರು ಹಾಕುವ ಕೆಲಸವನ್ನು ನಾನು ಇದೇ ಊರಿನಲ್ಲಿ ಒಂದು ಚಳಿಗಾಲವಿಡೀ ಮಾಡಿದ್ದೇನೆ.

ಅದಕ್ಕೂ ಮುಂಚೆ ಅಪ್ಪನ ವಿಷಯ ಹೇಳಬೇಕು. ನಮ್ಮಪ್ಪ ರಾಯಚೂರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಯಾರೋ ಡಾಕ್ಟರು ಓಡಿಸಿ ಬಿಟ್ಟ ಹಳೆಯ ಕಾರೊಂದನ್ನು ಕೊಂಡಿದ್ದರು. ಅದು ಆರು ದಿನ ಬೇವಿನ ಮರದ ಕೆಳಗೆ ನಿಂತು ಹಕ್ಕಿಗಳ ಹಿಕ್ಕೆ ಹೊತ್ತುಕೊಳ್ಳುವುದು, ಏಳನೆಯ ದಿನ ಸ್ನಾನ ಮಾಡಿ ಕೃಷ್ಣೆಯ ಸೇತುವೆಯ ತನಕ ಹೋಗಿ ಬರುವುದು. ಮುಂದಿನ ಸೀಟಿನಲ್ಲಿ ನಾನು. ಅಪ್ಪ ಗೇರು ಬದಲಾಯಿಸುವಾಗ ನನ್ನ ಬಲಗೈಯನ್ನು ರಾಡಿನ ಮೇಲಿಟ್ಟು, ಅದರ ಮೇಲೆ ತಮ್ಮ ಎಡಗೈ ಇಡುತ್ತಿದ್ದರು. ಚಾಕ್‌ಪೀಸಿನಿಂದ ಒಣಗಿದ ಅಂಗೈ, ಒರಟು. “ನೋಡಬ್ಯಾಡ, ಕೇಳು. ಇಂಜಿನ್ ಏನಂತೈತಿ ಕೇಳು,” ಎನ್ನುತ್ತಿದ್ದರು. ನನಗೆ ಅದು ಏನೂ ಅನ್ನುತ್ತಿರಲಿಲ್ಲ. ಬಿಸಿಲಿಗೆ ಕಾದ ಸೀಟು ತೊಡೆಗೆ ಚುರ್ರೆನ್ನುತ್ತಿತ್ತು, ಅಷ್ಟೇ ಕೇಳುತ್ತಿತ್ತು. ಅಪ್ಪ ಕೈ ತೆಗೆದರೂ ಗೇರು ಬಿದ್ದ ದಿನ ಮಾತ್ರ ನಾನೇ ಕಾರು ಓಡಿಸಿದೆನೆಂದು ಓಣಿಯ ತುಂಬ ಹೇಳಿಕೊಂಡು ಬಂದೆ. ನನ್ನ ಡ್ರೈವಿಂಗ್ ವಿದ್ಯೆ ಇಷ್ಟೇ. ಕ್ಲಚ್ಚು ಬ್ರೇಕುಗಳ ಪರಿಚಯ ಆಗಲೂ ಇರಲಿಲ್ಲ, ಇವತ್ತಿಗೂ ಇಲ್ಲ.

ಈ ಅರೆಬರೆ ವಿದ್ಯೆ ಕಟ್ಟಿಕೊಂಡು ನಾನು ಹೈದರಾಬಾದಿಗೆ ಬಂದೆ. ಮಾದಾಪುರದಲ್ಲಿ ಆಗ ಬಂಡೆ ಒಡೆಯುವ ಸದ್ದು ಒಂದು ಕಡೆ, ಗಾಜಿನ ಕಟ್ಟಡ ಏಳುವುದು ಇನ್ನೊಂದು ಕಡೆ. ಕಂಪ್ಯೂಟರ್ ಕೋರ್ಸು ಮುಗಿಸಿದವರನ್ನೆಲ್ಲ ಬಾ ಬಾ ಎಂದು ಕರೆಯುತ್ತಿದ್ದ ಕಾಲ. ನನ್ನನ್ನೂ ಕರೆದರು. ಮಲ್ಕಾಜ್‌ಗಿರಿಯಲ್ಲಿ ನನ್ನ ಮೌಶಿಯ, ಅವ್ವನ ತಂಗಿಯ, ಮನೆಯಿತ್ತು, ರೈಲ್ವೆ ಕ್ವಾರ್ಟರ್ಸು. ಅಲ್ಲಿಂದ ಆಫೀಸಿಗೆ ಕಂಪನಿಯ ಕ್ಯಾಬ್: ಎಂಟು ಜನ ಕೂರುವ ದೊಡ್ಡ ಡೀಸೆಲ್ ಗಾಡಿ. ಬೆಳಿಗ್ಗೆ ಆರೂವರೆಗೆ ಮೊದಲು ಹತ್ತುವವಳು ನಾನು. ಹಿಂದೆ ಕೂತರೆ ವಾಂತಿ ಬರುತ್ತದೆಂದು ಮುಂದಿನ ಸೀಟನ್ನು ಹಿಡಿದೆ.

ಡ್ರೈವರ್ ಐವತ್ತರ ಆಸುಪಾಸಿನವರು, ತೆಳ್ಳಗೆ, ಹಣೆಗೆ ವಿಭೂತಿ. ಮೊದಲೆರಡು ದಿನ “ಗುಡ್ ಮಾರ್ನಿಂಗ್ ಮೇಡಂ” ಬಿಟ್ಟು ಮಾತಿಲ್ಲ. ಮೂರನೆಯ ದಿನ ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸುವುದನ್ನೇ ಕಾದಿದ್ದರು.

“ರಾಯಚೂರೇನ್ರೀ?”

“ಹೌದ್ರಿ. ನೀವು?”

“ನಮ್ದು ಲಿಂಗಸೂಗೂರು ಕಡೀ ಹಳ್ಳಿ. ಶರಣಪ್ಪ ಅಂತಾರ.” ಆವತ್ತಿನಿಂದ ಮೇಡಂ ಹೋಗಿ ಯವ್ವಾ ಆದೆ, ಅವರು ಕಾಕಾ ಆದರು. ಹಿಂದೆ ಕೂತವರೆಲ್ಲ ತೆಲುಗರು. ಹತ್ತಿದ ಐದು ನಿಮಿಷಕ್ಕೆ ಕುತ್ತಿಗೆ ಒಂದು ಕಡೆ ಹಾಕಿ ನಿದ್ದೆ ಹೋಗುತ್ತಿದ್ದರು. ನಾವಿಬ್ಬರೂ ರಾಯಚೂರಿನ ಬಿಸಿಲನ್ನು ಹೊಗಳುತ್ತ ಮಾದಾಪುರ ಮುಟ್ಟುತ್ತಿದ್ದೆವು.

ಕಾರ್ತೀಕ ಕಳೆದ ಒಂದು ಬೆಳಿಗ್ಗೆ ಮೆಟ್ಟುಗುಡದ ಸಿಗ್ನಲ್ ಬಿಟ್ಟು ಹೊರಟಾಗ ಕಾಕಾ ಗೇರಿಗೆ ಕೈ ಚಾಚಿದವರು ಹಲ್ಲು ಕಚ್ಚಿ ತಡೆದರು. ಗಾಡಿ ಮೊದಲನೇ ಗೇರಿನಲ್ಲೇ ಅರಚುತ್ತಿತ್ತು.

“ಯವ್ವಾ, ತಪ್ಪು ತಿಳೀಬ್ಯಾಡ. ಆ ರಾಡ್ ಒಂಚೂರು ಹಿಂದಕ್ಕ ಜಗ್ತೀ?”

ಜಗ್ಗಿದೆ. ಎರಡನೇ ಗೇರು ಬಿತ್ತು. ಒಳಗೊಳಗೇ ಖುಷಿಯಾಯಿತೆಂದು ಒಪ್ಪಿಕೊಳ್ಳಬೇಕು.

ಮುಂದಿನ ಸಿಗ್ನಲ್ಲಿನಲ್ಲಿ ವಿಷಯ ಹೊರಬಂತು. ಅವರ ಎಡಗಡೆಯ ಭುಜ ಬಿಗಿದುಕೊಂಡಿತ್ತು. ಸ್ಟೀರಿಂಗ್ ಹಿಡಿಯಲು ಅಡ್ಡಿಯಿಲ್ಲ, ಪಕ್ಕಕ್ಕೆ ಚಾಚಿದರೆ ಮಾತ್ರ ಪ್ರಾಣ ಹೋದಂತೆ ನೋವು. ಸಕ್ಕರೆ ಕಾಯಿಲೆಯವರಿಗೆ ಹೀಗಾಗುತ್ತದೆ, ವ್ಯಾಯಾಮ ಮಾಡಿ, ಬೇಸಗೆಯ ಹೊತ್ತಿಗೆ ತಾನೇ ಸಡಿಲಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಡಾಕ್ಟರ ಮಾತು ಸುಳ್ಳಾಗಲಿಲ್ಲ, ಯುಗಾದಿ ಕಳೆದ ಮೇಲೆ ಸಡಿಲಾಯಿತು. ಆದರೆ ಅಲ್ಲಿಯ ತನಕ ಗಾಡಿ ಓಡಬೇಕಲ್ಲ.

“ರಜಾ ತೊಗೋರಿ ಕಾಕಾ.”

“ರಜಾ ತೊಗೊಂಡ್ರ ಮರುದಿನಾನ ಬ್ಯಾರೇದಾವ ಇಲ್ಲಿ ಕೂತಿರ್ತಾನ. ನಮ್ಮ ಮಾಲಕರ ಹತ್ರ ನನ್ನಂಥಾವ್ರು ಸಾಲಾಗಿ ನಿಂತಾರ. ನಿಮ್ಮ ಆಫೀಸ್ ಕಟ್ಟಡ ಐತಲ್ಲ, ಅದಕ್ಕ ಕಾಂಕ್ರೀಟ್ ಹೊತ್ತಾವ ನಾನು. ಮೂರು ವರ್ಷ ಹೊತ್ತೀನಿ. ಆಮ್ಯಾಲ ಟಿಪ್ಪರ್ ಕಲಿತು, ಲೈಸನ್ಸ್ ಮಾಡಿಸಿ ಇಲ್ಲಿಗಿ ಬಂದೀನಿ. ಈ ಭುಜ ಇಟ್ಕೊಂಡು ತಿರುಗಿ ಕಾಂಕ್ರೀಟ್ ಹೊರಾಕ ಆಗತೈತೇನು? ಸ್ಟೀರಿಂಗ್ ಬಿಟ್ಟೆ ಅಂದ್ರ ನನಗ ಈ ಊರಾಗ ಏನೂ ಇಲ್ಲ ಯವ್ವಾ.”

ಆವತ್ತೇ ನಮ್ಮ ಒಪ್ಪಂದವಾಯಿತು. ಕ್ಲಚ್ಚು, ಬ್ರೇಕು, ಸ್ಟೀರಿಂಗ್ ಕಾಕಾನವು, ಗೇರು ನನ್ನದು. ಕಾಕಾ ಕ್ಲಚ್ ಒತ್ತಿ ಮೆಲ್ಲಗೆ “ಎರಡು” ಎನ್ನುವುದು, ನಾನು ಜಗ್ಗುವುದು. “ಮೂರು” ಎಂದರೆ ನೂಕುವುದು. ರಾಡಿನ ಮೇಲೆ ನನ್ನ ದುಪಟ್ಟಾ ಇಳಿಬಿಟ್ಟಿರುತ್ತಿದ್ದೆ. ಹಿಂದಿನವರಿಗೆ ಕಾಣುತ್ತಿದ್ದುದು ಕಿಟಕಿಯಾಚೆ ನೋಡುತ್ತ ಕೂತ ಗಂಭೀರ ಹುಡುಗಿ. ನನ್ನ ಬೆನ್ನ ಹಿಂದೆ ಕೂರುತ್ತಿದ್ದ ಮಾಧವಿ, ವಿಜಯವಾಡದವಳು, ಆಫೀಸಿನಲ್ಲೂ ನನ್ನ ಪಕ್ಕದವಳು, ಒಮ್ಮೆ ಎಚ್ಚರವಾಗಿ ಕೇಳಿದಳು: “ಅದೇನು ನೀವಿಬ್ಬರೂ ಯಾವಾಗಲೂ ಎರಡು ಮೂರು ಎರಡು ಮೂರು ಅಂತಿರುತ್ತೀರಿ?” ಕಾಕಾನ ಮೊಮ್ಮಗನಿಗೆ ಮಗ್ಗಿ ಬರುವುದಿಲ್ಲ, ಅದರ ಚಿಂತೆ ಎಂದೆ. ಪಾಪ, ಎಂದು ಮತ್ತೆ ನಿದ್ದೆ ಹೋದಳು.

ನಾನು ಒಳ್ಳೆಯ ಗೇರ್‌ಬಾಕ್ಸ್ ಆಗಿರಲಿಲ್ಲ. ಈಗಿನ ನಮ್ಮ ಕಾರಿನ ಹಾಗೇ ನನಗೂ ಯೋಚನೆ ಬೇಕಾಗುತ್ತಿತ್ತು. “ನಾಲ್ಕು” ಎಂದು ಕಿವಿಗೆ ಬಿದ್ದು, ನಾಲ್ಕು ಎಲ್ಲಿದೆ ಎಂದು ನೆನೆದು, ಕೈಗೆ ಅಪ್ಪಣೆ ಹೋಗುವಷ್ಟರಲ್ಲಿ ಗಾಡಿ ವೇಗ ಕಳೆದುಕೊಂಡಿರುತ್ತಿತ್ತು. ಆಮೇಲೆ ನಾನು ಗಾಬರಿಯಿಂದ ರಪ್ಪನೆ ಜಗ್ಗುವುದು, ಹಿಂದಿನ ಐದು ತಲೆಗಳೂ ಒಟ್ಟಿಗೆ ಮುಂದಕ್ಕೆ ಹೋಗಿ ಬರುವುದು. ಒಂದೊಂದು ದಿನ ಬೇಗಂಪೇಟೆಯಿಂದ ಪಂಜಗುಟ್ಟದ ತನಕ ಯಾರಿಗೂ ಕಣ್ಣು ಮುಚ್ಚಲು ಬಿಡುತ್ತಿರಲಿಲ್ಲ. ಕಾಕಾ ಮಾತ್ರ “ಭಾಳ ಛಲೋ ಆತು” ಎನ್ನುತ್ತಿದ್ದರು. ನನ್ನ ಜೀವನದಲ್ಲಿ ಇಷ್ಟು ಸುಳ್ಳು ಹೊಗಳಿಕೆಯನ್ನು ಬೇರೆ ಯಾರೂ ಕೊಟ್ಟಿಲ್ಲ.

ಏಳು ಜನರ ಪ್ರಾಣ ಇಟ್ಟುಕೊಂಡು ಹೀಗೆ ಆಡಬಹುದೇ ಎಂದು ನೀವು ಕೇಳಬಹುದು. ಆಡಬಾರದು. ನನ್ನ ಮಗಳ ಕಾಲೇಜು ವ್ಯಾನಿನಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನೇ ಮೊದಲು ಜಗಳಕ್ಕೆ ಹೋಗುತ್ತೇನೆ. ಆಗ ನನಗೆ ಇಪ್ಪತ್ತೆರಡು ವರ್ಷ. ಕಾಕಾನ ಕೆಲಸ ಉಳಿಸುವುದೊಂದೇ ತಲೆಯಲ್ಲಿತ್ತು.

ಜನವರಿಯ ಒಂದು ದಿನ ಜುಬಿಲಿ ಹಿಲ್ಸಿನ ಏರಿನಲ್ಲಿ ಅನಾಹುತವಾಯಿತು. ಮುಂದೆ ಬಸ್ಸು ನಿಧಾನಿಸಿತು. ಕಾಕಾ “ಎರಡು” ಎಂದರು. ಮೂರರಿಂದ ಎರಡಕ್ಕೆ ಬರಬೇಕಾದರೆ ರಾಡನ್ನು ನ್ಯೂಟ್ರಲ್ಲಿಗೆ ತಂದು, ಎಡಕ್ಕೆ ಸರಿಸಿ, ಆಮೇಲೆ ಹಿಂದಕ್ಕೆ ಎಳೆಯಬೇಕು. ನಾನು ನೆಟ್ಟಗೆ ಎಳೆದೆ. ಬಿದ್ದದ್ದು ನಾಲ್ಕು. ಗಾಡಿ ಎರಡು ಸಲ ಕೆಮ್ಮಿ ಏರಿನ ನಡುವೆ ಸತ್ತಿತು, ಒಂದು ಗೇಣು ಹಿಂದಕ್ಕೂ ಜಾರಿತು. ಕಾಕಾ ಬ್ರೇಕನ್ನು ತುಳಿದು ನಿಂತರು. ಹಿಂದಿನ ಗಾಡಿಗಳ ಹಾರ್ನು, ಬೈಗುಳ. ಮಾಧವಿಯ ಹಣೆ ನನ್ನ ಸೀಟಿಗೆ ಬಡಿದು, ಅವಳ ಡಬ್ಬಿಯ ಸಾಂಬಾರು ಮೂರು ಜನರ ಬಟ್ಟೆಯ ಮೇಲಾಯಿತು.

ಮಧ್ಯಾಹ್ನ ಮಾಧವಿ ಹಣೆಗೆ ಮುಲಾಮು ಹಚ್ಚಿಕೊಂಡು ದೂರಿನ ರಿಜಿಸ್ಟರ್ ತಂದಳು. ಚೆನ್ನಾಗಿಯೇ ಬರೆದಿದ್ದಳು: ಗಾಡಿ ಸದಾ ಜರ್ಕ್ ಹೊಡೆಯುತ್ತದೆ, ಡ್ರೈವರಿಗೆ ಗೇರು ಹಾಕಲು ಬರುವುದಿಲ್ಲ, ಇವರನ್ನು ಬದಲಾಯಿಸಿ. ಕೆಳಗೆ ಐದು ಸಹಿಗಳು. “ನೀನೊಬ್ಬಳು ಬಾಕಿ,” ಎಂದು ಪೆನ್ನು ಕೊಟ್ಟಳು.

ನಾನು ಏನೇನೋ ಹೇಳಬಹುದಿತ್ತು. ರಸ್ತೆ ಸರಿಯಿಲ್ಲ, ಗಾಡಿ ಹಳೆಯದು, ಪಾಪ ವಯಸ್ಸಾದವರು. ಮುಂದೆ ಕೂತವಳು ನಾನೊಬ್ಬಳೇ ಸಹಿ ಹಾಕದಿದ್ದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಎಲ್ಲ ಹೊರಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ನಿಜವಿತ್ತು. ನನ್ನ ಹೊಸ ನೌಕರಿಗೆ ಏನಾದೀತೋ ಎಂಬ ಹೆದರಿಕೆಯೂ ಅಷ್ಟೇ ನಿಜವಾಗಿತ್ತು. ಸಹಿ ಹಾಕಿದೆ. ಡ್ರೈವರಿಗೆ ಗೇರು ಹಾಕಲು ಬರುವುದಿಲ್ಲ ಎಂದು, ಗೇರು ಹಾಕುತ್ತಿದ್ದ ಅದೇ ಕೈಯಿಂದ ನಾನು ಸಹಿ ಹಾಕಿದೆ.

ಆಮೇಲಿನ ನಾಲ್ಕು ದಿನ ಏನೂ ನಡೆಯಲಿಲ್ಲ. ಕಾಕಾ ಎಂದಿನಂತೆ “ಬಾ ಯವ್ವಾ” ಎಂದು ಬಾಗಿಲು ತೆರೆಯುತ್ತಿದ್ದರು. ಎರಡು, ಮೂರು, ನಾಲ್ಕು. ನಾನು ಅವರ ಮುಖ ನೋಡದೆ ಗೇರು ಹಾಕುತ್ತಿದ್ದೆ. ಹೇಳಿಬಿಡಬೇಕೆಂದು ಪ್ರತಿದಿನ ಬೇಗಂಪೇಟೆಯ ತನಕ ಧೈರ್ಯ ಕೂಡಿಸಿಕೊಳ್ಳುತ್ತಿದ್ದೆ, ಪಂಜಗುಟ್ಟ ಬರುವಷ್ಟರಲ್ಲಿ ಅದು ಕರಗಿ ಹೋಗಿರುತ್ತಿತ್ತು.

ಐದನೆಯ ದಿನ ಕ್ಯಾಬ್ ಬಂದಾಗ ಮುಂದಿನ ಸೀಟಿನಲ್ಲಿ ಖಾದರ್ ಸಾಹೇಬರು ಕೂತಿದ್ದರು. ನಮ್ಮ ಕಂಪನಿಯ ಎಲ್ಲ ಗಾಡಿಗಳ ಸೂಪರ್‌ವೈಸರ್. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು, ಮೆಹೆಂದಿ ಹಚ್ಚಿದ ಗಡ್ಡ, ಕೈಯಲ್ಲಿ ಮಡಚಿದ ಉರ್ದು ಪೇಪರು. ನನಗೆ ಹಿಂದೆ ಕೂರುವಂತೆ ಕೈ ತೋರಿಸಿದರು. ಹೋಗಿ ಎಡಗಡೆಯ ಕಿಟಕಿಯ ಬದಿಗೆ ಕೂತೆ. ದಾರಿಯಲ್ಲಿ ಹತ್ತಿದ ಮಾಧವಿ ನನ್ನ ಬಲಕ್ಕೆ ಕೂತು, ಕಿವಿಯಲ್ಲಿ “ನೋಡು, ನಮ್ಮ ದೂರು ಕೆಲಸ ಮಾಡಿತು,” ಎಂದಳು.

ಕಾಕಾ ತಾವೇ ಗೇರು ಹಾಕುತ್ತ ಹೊರಟರು. ಭುಜ ಅಲ್ಲಾಡಿಸಲಾಗದೆ ಇಡೀ ಮೈಯನ್ನೇ ಎಡಕ್ಕೆ ಬಾಗಿಸಿ ರಾಡನ್ನು ಮುಟ್ಟುತ್ತಿದ್ದರು. ಹಿಂದಿನಿಂದ ನನಗೆ ಅವರ ಕುತ್ತಿಗೆಯ ನರವೊಂದೇ ಕಾಣುತ್ತಿತ್ತು. ಬೇಗಂಪೇಟೆಗೆ ಬರುವಷ್ಟರಲ್ಲಿ ಜನವರಿಯ ಚಳಿಯಲ್ಲೂ ಅಂಗಿ ಬೆನ್ನಿಗೆ ಅಂಟಿತ್ತು. ಗಾಡಿ ಒಂದು ಸಲವೂ ಜರ್ಕ್ ಹೊಡೆಯಲಿಲ್ಲ. ಖಾದರ್ ಸಾಹೇಬರು ಪೇಪರು ಓದುತ್ತಲೇ ಇದ್ದರು. ಕಾಕಾನ ಕೆಲಸ ಉಳಿಯಿತು, ಇನ್ನೇನು ಉಳಿದೇಬಿಟ್ಟಿತು ಎಂದು ನಾನು ಮನೆದೇವರನ್ನು ನೆನೆಯುತ್ತಿದ್ದೆ.

ಜುಬಿಲಿ ಹಿಲ್ಸಿನ ಏರು ಬಂತು. ಮುಂದಿನ ಲಾರಿ ನಿಧಾನಿಸಿತು. ಕಾಕಾ ಕ್ಲಚ್ ಒತ್ತಿ, ಮೈ ಬಾಗಿಸಿ, ಕೈ ಚಾಚಿದರು. ಕೈ ಅರ್ಧಕ್ಕೇ ನಿಂತಿತು. ಮತ್ತೆ ಚಾಚಿದರು, ಆಗಲಿಲ್ಲ. ಗಾಡಿ ಸೋಲುತ್ತ ಬಂತು. ಆಗ ಅವರ ಬಾಯಿಂದ ತಾನಾಗಿ ಹೊರಬಿತ್ತು: “ಎರಡು.”

ಖಾದರ್ ಸಾಹೇಬರು ಪೇಪರನ್ನು ತೊಡೆಯ ಮೇಲಿಟ್ಟರು. ಕಾಕಾನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ರಾಡಿನ ತಲೆಯ ಮೇಲೆ ಎರಡೇ ಬೆರಳಿಟ್ಟು, ಹಿಂದಕ್ಕೆ ತಂದು, ಎಡಕ್ಕೆ ಸರಿಸಿ, ಎರಡಕ್ಕೆ ಇಳಿಸಿದರು. ಒಂದು ತಲೆಯೂ ಅಲುಗಲಿಲ್ಲ. ಹಾಗೆಯೇ ಹಿಂದಕ್ಕೆ ತಿರುಗಿದರು. ನನ್ನ ಬಲಗೈ ನೋಡಿದರು. ಆ ಕೈ ನನಗೆ ಗೊತ್ತಿಲ್ಲದೆಯೇ ಮಾಧವಿಯ ಬ್ಯಾಗಿನ ಪಟ್ಟಿಯನ್ನು ಹಿಡಿದು ಬಲವಾಗಿ ಕೆಳಕ್ಕೆ ಎಳೆದು ನಿಂತಿತ್ತು. ಅವರು ಮುಂದಕ್ಕೆ ತಿರುಗಿದರು. ಮಾದಾಪುರದ ತನಕ ಗೇರು ಅವರೇ ಹಾಕಿದರು. ಮಾಧವಿ ನಿದ್ದೆ ಹೋದಳು.

ಆಫೀಸಿನ ಗೇಟಿನಲ್ಲಿ ಎಲ್ಲರೂ ಇಳಿದು ಹೋದ ಮೇಲೆ ನನ್ನನ್ನು ನಿಲ್ಲಿಸಿದರು. ಕಾಕಾ ಸ್ಟೀರಿಂಗ್ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ಕೂತಿದ್ದರು.

“ತೀನ್ ಸೇ ದೋ ಕೂ ಸೀದಾ ಖೀಂಚ್ತೇ ಕ್ಯಾ, ಅಮ್ಮಾ?”

ಮೂರರಿಂದ ಎರಡಕ್ಕೆ ನೆಟ್ಟಗೆ ಎಳೆಯುತ್ತೀಯಾ ಎಂದು. ನಾನು ತಲೆಯಾಡಿಸಿದೆ. ಅವರು ನನ್ನನ್ನು ಮುಂದಿನ ಸೀಟಿಗೆ ಹತ್ತಿಸಿ, ಕಾಕಾಗೆ ಕ್ಲಚ್ ಒತ್ತಲು ಹೇಳಿ, ಹೊರಗೆ ನಿಂತು ಕಿಟಕಿಯಿಂದ ಕೈ ಹಾಕಿ ತೋರಿಸಿದರು. ನ್ಯೂಟ್ರಲ್ಲಿಗೆ ಬಂದೊಡನೆ ಕೈ ಸಡಿಲಿಸಬೇಕು. ಅಲ್ಲಿ ಒಂದು ಕ್ಷಣ ನಿಲ್ಲಬೇಕು. ಗೇರು ತನ್ನ ದಾರಿ ತಾನೇ ತೋರಿಸುತ್ತದೆ. “ಗೇರ್ ಕೂ ಮಾರ್ನಾ ನಕ್ಕೋ ಅಮ್ಮಾ, ಬುಲಾನಾ.” ಹೊಡೆಯಬೇಡ, ಕರೆ. ಹತ್ತು ಸಲ ಹಾಕಿಸಿದರು. ಹನ್ನೊಂದನೆಯದಕ್ಕೆ “ಹೌ” ಎಂದು ಒಪ್ಪಿದರು. ಕಾಕಾನ ಕಡೆ ತಿರುಗಿ, ಎರಡು ತಿಂಗಳು ಬಿಟ್ಟು ನಾನೇ ಬರುತ್ತೇನೆ, ಒಬ್ಬನೇ ಓಡಿಸಿ ತೋರಿಸಬೇಕು, ಇಲ್ಲದಿದ್ದರೆ ಬೇರೆ ಡ್ರೈವರ್ ಎಂದು ಹಿಂದಿಯಲ್ಲಿ ಖಡಾಖಂಡಿತವಾಗಿ ಹೇಳಿ ಹೋದರು.

ಮಧ್ಯಾಹ್ನ ನಾನು ಅವರ ಮೇಜಿನ ಹತ್ತಿರ ಹೋಗಿ ರಿಜಿಸ್ಟರ್ ತೆರೆದೆ. ದೂರಿನ ಕೊನೆಯಲ್ಲಿ ಅವರು ಬರೆದಿದ್ದರು: ಪರಿಶೀಲಿಸಿದೆ. ಗಾಡಿ ಸರಿಯಿದೆ, ಡ್ರೈವರ್ ಸರಿಯಿದ್ದಾರೆ. ಮುಂದಿನ ಸೀಟಿನ ಮೇಡಂಗೆ ತಿಳಿಹೇಳಲಾಗಿದೆ. ನಗು ಬಂತು. ನಗುತ್ತಲೇ ಮೇಲೆ ನೋಡಿದೆ. ನಮ್ಮ ಆರು ಸಹಿಗಳ ಕೆಳಗೆ, ಸರಿಯಾಗಿ ನನ್ನ ಸಹಿಗೆ ತಾಗಿಕೊಂಡು, ಇನ್ನೊಂದು ಸಹಿಯಿತ್ತು. ದೂರನ್ನು ಡ್ರೈವರಿಗೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳುವುದು ಅಲ್ಲಿನ ಪದ್ಧತಿ, ನನಗೆ ಗೊತ್ತಿರಲಿಲ್ಲ. ಶರಣಪ್ಪ ಎಂದು ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ. ತಾರೀಖು ನೋಡಿದೆ. ನಾನು ಸಹಿ ಹಾಕಿದ ದಿನದ್ದೇ.

ಸಂಜೆ ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಕಾಕಾನನ್ನು ನೋಡಿದೊಡನೆ ಅತ್ತುಬಿಟ್ಟೆ. ಕಾಕಾ ಸ್ವಲ್ಪ ಹೊತ್ತು ಗಾಜು ಒರೆಸುತ್ತಿದ್ದರು. ಆಮೇಲೆ ಒಳಗೆ ಬಂದು ಕೂತರು.

“ನೀ ಒಬ್ಬಾಕಿ ಸಹಿ ಹಾಕಲಿಲ್ಲಂದ್ರ ನಿನ್ನ ಮ್ಯಾಲ ಬರತಿತ್ತಲ್ಲ ಯವ್ವಾ,” ಎಂದರು. “ದೂರಿನಾಗಿನ ಹೆಸರು ಕೂಗಿ ಓದೂ ಮುಂದ ನಿಂದೂ ಐತೇನಂತ ಕಾಯಾಕತ್ತಿದ್ನಿ. ನಿನ್ನ ಹೆಸರು ಬಂದ ಮ್ಯಾಲ ಸಮಾಧಾನ ಆತು.”

ಮಾಧವಿ ಮತ್ತು ಉಳಿದವರು ಗೇಟು ದಾಟಿ ಬರುತ್ತಿದ್ದರು. ಕಾಕಾ ಇಂಜಿನ್ ಶುರು ಮಾಡಿ ಕ್ಲಚ್ ಒತ್ತಿದರು.

“ಕಣ್ಣು ಒರಿಸ್ಕೋ. ಒಂದು ಹಾಕು.”